ಇಂಗ್ಲಿಷ್‌ನ 300 ಫ್ರೇಸಲ್ ವರ್ಬ್ ಬಾಯಿಪಾಠ ಮಾಡಿದರೆ ಇಂಟರ್‌ವ್ಯೂಗೆ ಸಾಕಾ?

ಕನ್ನಡ ಮೀಡಿಯಂ, ಮುಂದಿನ ತಿಂಗಳು ಇಂಟರ್‌ವ್ಯೂ, ಕೈಯಲ್ಲಿ 300 ಫ್ರೇಸಲ್ ವರ್ಬ್ (ಅಂದರೆ 'ಟರ್ನ್ ಆಫ್', 'ಲುಕ್ ಆಫ್ಟರ್' ತರಹ ಕ್ರಿಯಾಪದದ ಜೊತೆ ಚಿಕ್ಕ ಪದ ಸೇರಿ ಬೇರೆ ಅರ್ಥ ಕೊಡುವಂಥವು) ಇರುವ ಪಟ್ಟಿ, ಎರಡು ಪುಸ್ತಕಗಳಲ್ಲಿ ಯಾವುದನ್ನು ಕೊಳ್ಳಲಿ ಅಂತ ಕೇಳಿದ್ದೀರಿ. ಓದುವಾಗ ನನ್ನದೇ ಹಳೇ ನೋಟ್‌ಬುಕ್ ನೆನಪಾಯಿತು. ನನ್ನದರಲ್ಲಿ 412 ಇದ್ದವು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ವಿಭಕ್ತಿ ಪ್ರತ್ಯಯವನ್ನು ರಾಗವಾಗಿ ಹೇಳುತ್ತಿದ್ದೆವು: ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಇಂಗ್ಲಿಷ್‌ನ ಇನ್, ಆನ್, ಟು ತರಹದ ಪ್ರಿಪೊಸಿಷನ್ ಅಂದರೂ ಇದೇ, ನಮ್ಮಲ್ಲಿ ಬಾಲ, ಅವರಲ್ಲಿ ಕೊಂಬು, ಅಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆ. 'ಮನೆಯಲ್ಲಿ' ಅನ್ನುವುದಕ್ಕೆ 'ಇನ್ ದ ಹೌಸ್' ಆಗುತ್ತದಲ್ವಾ, ಹಾಗಾಗಿ ಆ ನಂಬಿಕೆ ಬಹಳ ಕಾಲ ಉಳಿಯಿತು.

2011ರಲ್ಲಿ ಮಂಗಳೂರಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಇಂಗ್ಲೆಂಡಿನ ಇನ್ಶೂರೆನ್ಸ್ ಗ್ರಾಹಕರ ಮೇಲ್‌ಗಳಿಗೆ ಉತ್ತರ ಬರೆಯುವುದು. ಬೆಳಿಗ್ಗೆ ಕಾಸರಗೋಡಿನಿಂದ ರೈಲು, ರೈಲಿನಲ್ಲಿ ನೋಟ್‌ಬುಕ್. ಪ್ರೊಬೇಷನ್ ಆರು ತಿಂಗಳು. ಅದು ಮುಗಿಯಲು 11 ದಿನ ಇದ್ದಾಗ ಒಬ್ಬ ಅಜ್ಜಿಯ ಮೇಲ್ ಬಂತು. ಗಂಡ ತೀರಿಕೊಂಡಿದ್ದಾರೆ, ಫಾರಂ ಒಂದೂ ಅರ್ಥವಾಗುತ್ತಿಲ್ಲ, ಭಯ ಆಗುತ್ತಿದೆ ಅಂತ ಬರೆದಿದ್ದರು. ನನಗೆ ಪಾಪ ಅನಿಸಿತು. 'ಹೆದರಬೇಡಿ, ಕೊನೆವರೆಗೂ ನಾವು ದಾಟಿಸುತ್ತೇವೆ' ಅನ್ನಬೇಕಿತ್ತು. ನೋಟ್‌ಬುಕ್ಕಿನಲ್ಲಿ ಹಾಗೇ ಇತ್ತು: ಸೀ ಥ್ರೂ, ಕೊನೆವರೆಗೆ ನೆರವಾಗು. ಬರೆದೆ: 'ಡೋಂಟ್ ವರಿ, ವೀ ವಿಲ್ ಸೀ ಥ್ರೂ ಯು.'

ಮರುದಿನ ಟೀಮ್ ಲೀಡರ್ ತಮ್ಮ ಮಾನಿಟರನ್ನು ನನ್ನ ಕಡೆ ತಿರುಗಿಸಿದರು. ಆ ಒಂದು ಸಾಲಿಗೆ ಹಳದಿ ಬಣ್ಣ ಹಚ್ಚಿತ್ತು. "ಎಂತ ಬರ್ದದ್ದು ನೀವು ಇದು?" ಅಂದರು. ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಸ್ಪೆಲ್ಲಿಂಗ್ ಸರಿ ಉಂಟಲ್ಲ ಮೇಡಂ ಅಂದೆ!

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಷ್ಟು ಜನಕ್ಕೆ ಹೇಳಿದರೂ ನನಗೆ ಸಾಕಾಗುವುದಿಲ್ಲ. 'ಸೀ ಯು ಥ್ರೂ' ಅಂದರೆ ನಿಮ್ಮನ್ನು ದಾಟಿಸುವುದು. ಚಂದ್ರಗಿರಿ ಹೊಳೆಯ ಕಡವಿನಲ್ಲಿ ಕೈ ಹಿಡಿದು ದೋಣಿ ಹತ್ತಿಸಿ, ಆಚೆ ದಡದಲ್ಲಿ ಇಳಿಸಿ ಬರುತ್ತೇವಲ್ಲ, ಹಾಗೆ. 'ಯು' ಇಲ್ಲಿ ಕ್ರಿಯಾಪದಕ್ಕೇ ಅಂಟಿಕೊಂಡಿದೆ, ಥ್ರೂ ಆಮೇಲೆ ಬಂದು ದಾರಿ ತೋರಿಸುತ್ತದೆ. 'ಸೀ ಥ್ರೂ ಯು' ಅಂದಾಗ ಥ್ರೂ ಹೋಗಿ 'ಯು' ಅನ್ನು ಹಿಡಿದುಕೊಳ್ಳುತ್ತದೆ. ಆಗ ನೋಟ ನಿಮ್ಮನ್ನು ಗಾಜಿನ ಹಾಗೆ ತೂರಿ ಹೋಗುತ್ತದೆ. ನಿಮ್ಮ ನಾಟಕ ನಮಗೆ ಗೊತ್ತು ಅಂತ ಅರ್ಥ. ಪದಗಳು ಅವೇ ಮೂರು. 'ಯು' ಒಂದು ಹೆಜ್ಜೆ ಆಚೆ ಹೋದದ್ದಕ್ಕೆ ಸಾಂತ್ವನ ಹೋಗಿ ಆರೋಪ ಆಯಿತು. ಅದೂ ಇನ್ಶೂರೆನ್ಸ್ ಹಣ ಕೇಳುತ್ತಿರುವ ವಿಧವೆಗೆ. ಅವರು ದೂರು ಕೊಟ್ಟರು. ಕೊಡದೆ ಇರುತ್ತಾರಾ? ನನ್ನ ಪ್ರೊಬೇಷನ್, ಕೆಲಸ ಎರಡೂ ಅಲ್ಲಿಗೇ ಮುಗಿದವು. ಕ್ಷಮೆ ಕೇಳಿ ಒಂದು ಪತ್ರ ಬರೆದುಕೊಟ್ಟೆ. ಆಫೀಸಿನವರು ಅದನ್ನು ಕಳಿಸಲಿಲ್ಲ. ಇನ್ನೇನು ಬರೆದಿರುತ್ತೇನೋ ಅಂತ ಹೆದರಿರಬೇಕು.

ನನ್ನ ಪಟ್ಟಿಯಲ್ಲಿ ಅರ್ಥ ತಪ್ಪಿರಲಿಲ್ಲ, ನೋಡಿ. 'ಯು' ಎಲ್ಲಿ ಕೂರುತ್ತದೆ ಅಂತ ಬರೆದಿರಲಿಲ್ಲ, ಅಷ್ಟೇ. ನಿಮ್ಮ 300ರ ಪಟ್ಟಿಯಲ್ಲೂ ಇರುವುದಿಲ್ಲ ಅಂತ ನನ್ನ ಅನುಮಾನ. ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅಂತೇನೆ. ಬೇಜಾರಾಗಬೇಡಿ. 300 ಬೇಡ, 40 ಸಾಕು, ಆದರೆ ಒಂದನ್ನೂ ಬರಿದೇ ಕಲಿಯಬೇಡಿ. ಒಳಗೆ ಒಂದು 'ಇಟ್' ಅಥವಾ 'ಹಿಮ್' ಕೂರಿಸಿಯೇ ಕಲಿಯಿರಿ. 'ಟರ್ನ್ ಆಫ್ ದ ಫ್ಯಾನ್', 'ಟರ್ನ್ ದ ಫ್ಯಾನ್ ಆಫ್' ಎರಡೂ ನಡೆಯುತ್ತವೆ. ಫ್ಯಾನ್ ಹೋಗಿ 'ಇಟ್' ಬಂತೋ, 'ಟರ್ನ್ ಇಟ್ ಆಫ್' ಒಂದೇ. 'ಟರ್ನ್ ಆಫ್ ಇಟ್' ಯಾರೂ ಹೇಳುವುದಿಲ್ಲ. ಆದರೆ 'ಲುಕ್ ಆಫ್ಟರ್ ಹಿಮ್' ತಿರುಗುವುದಿಲ್ಲ, ಅಲ್ಲಿ 'ಹಿಮ್' ಕೊನೆಗೇ.

ಯಾವುದು ಯಾವ ಜಾತಿ ಅಂತ ಹೇಗೆ ತಿಳಿಯುವುದು? ಗಟ್ಟಿಯಾಗಿ ಹೇಳಿ ನೋಡಿ. 'ಟರ್ನ್ ಇಟ್ ಆಫ್' ಅನ್ನುವಾಗ ಒತ್ತು ಆಫ್ ಮೇಲೆ ಬೀಳುತ್ತದೆ. 'ಲುಕ್ ಅಟ್ ಇಟ್' ಅನ್ನುವಾಗ ಅಟ್ ಮೆತ್ತಗೆ ಜಾರಿಹೋಗುತ್ತದೆ. ಒತ್ತು ಬೀಳುವ ಪದ 'ಇಟ್' ಅನ್ನು ನಡುವೆ ಬಿಟ್ಟುಕೊಳ್ಳುತ್ತದೆ. ಎಲ್ಲ ಕಡೆ ಅಲ್ಲ, ಜಾಸ್ತಿ ಕಡೆ. ನಾನು ಇದನ್ನು ರೈಲಿನಲ್ಲೇ ಅಭ್ಯಾಸ ಮಾಡಿದ್ದು, ಪಕ್ಕದವರು ಸೀಟು ಬದಲಿಸಿದ್ದೂ ಉಂಟು.

ಇನ್ನು ನಮ್ಮ ಊರಿನವರಿಗೆ ಒಂದು ವಿಶೇಷ ರೋಗ. ನಾವು 'ನನ್ನತ್ರ ಹೇಳಿದ' ಅನ್ನುತ್ತೇವೆ. ತುಳುವಿನಲ್ಲಿ 'ಎನಡ ಪಂಡೆ', ಮಲಯಾಳದಲ್ಲಿ 'ಎನ್ನೋಡು ಪರಞ್ಞು'. ಮೂರು ಭಾಷೆಯೂ ಸೇರಿ ಒಂದೇ ಕಡೆ ತಳ್ಳುವಾಗ ಬಾಯಲ್ಲಿ 'ಟೋಲ್ಡ್ ವಿತ್ ಮೀ' ಬರದೆ ಇನ್ನೇನು? 'ಟೋಲ್ಡ್ ಮೀ' ಅಂದರೆ ಮುಗಿಯಿತು, ಪ್ರಿಪೊಸಿಷನ್ನೇ ಬೇಡ. ಅದೇ 'ಎಕ್ಸ್‌ಪ್ಲೇನ್' ಆದರೆ 'ಎಕ್ಸ್‌ಪ್ಲೇನ್ ಇಟ್ ಟು ಮೀ', ಅಲ್ಲಿ ಟು ಬೇಕು. 'ನನ್ನ ಮೇಲೆ ಸಿಟ್ಟು' ಅಂತ 'ಆಂಗ್ರಿ ಆನ್ ಮೀ' ಅನ್ನಬೇಡಿ, 'ವಿತ್ ಮೀ'. ಕಾರಣ ಕೇಳಬೇಡಿ, ನನ್ನ ಹತ್ತಿರ ಇಲ್ಲ.

ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಅಂತ ಯಾರಾದರೂ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. 1672ರಲ್ಲಿ ಡ್ರೈಡನ್ ಅನ್ನುವ ಕವಿ ಅದಕ್ಕೆ ತಕರಾರು ತೆಗೆದಿದ್ದ. ಇಂಗ್ಲಿಷರೇ ಮಾತನಾಡುವಾಗ ಕೇಳಲಿಲ್ಲ. 'ಹೂ ಆರ್ ಯು ವೇಟಿಂಗ್ ಫಾರ್' ಅಂತ ಧಾರಾಳವಾಗಿ ಕೇಳಿ.

ಎರಡು ಪುಸ್ತಕಗಳಲ್ಲಿ ಯಾವುದು ಅಂತ ನಾನು ಹೇಳಲೇ ಇಲ್ಲ, ಅಲ್ವಾ? ಯಾವುದು ಅಗ್ಗವೋ ಅದನ್ನು ತಗೊಳ್ಳಿ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ 'ಇಟ್' ಬರೆಯುವಷ್ಟು ಜಾಗ ಇದ್ದರಾಯಿತು.