ಉತ್ತರ: ನಾಟಕದ ಹೊವಾರ್ಡ್ ಕಾರ್ಟರ್ ಸಿನಿಮಾ ಹೀರೋ ಥರ ಕಾಣುತ್ತಿರುವುದಕ್ಕೆ

ನಾಟಕದ ಕಾರ್ಟರ್‌ಗೆ ಬಾಡಿಗೆಗೆ ತಂದ ಚರ್ಮದ ಜಾಕೆಟ್ ಹಾಕಿ, ಕೈಗೆ ಚಾಟಿ ಕೊಟ್ಟರೆ ಸಿನಿಮಾ ಹೀರೋ ಥರ ಕಾಣುತ್ತಿದ್ದಾನೆ, ಏನು ಮಾಡಲಿ ಅಂತ ಕೇಳಿದ್ದೀರಿ. ಎಡವಟ್ಟಾಗಿರುವುದು ಬಹುಶಃ ಆ ಜಾಕೆಟ್‌ನಿಂದ. ಪುರಾತತ್ವಜ್ಞನ ವೇಷ ಕೇಳಿದರೆ ಬಾಡಿಗೆ ಅಂಗಡಿಯವರು ಹಾಲಿವುಡ್ ಸಾಹಸಿಯ ಬಟ್ಟೆ ಕೊಡುತ್ತಾರೆ. 1922ರಲ್ಲಿ ಈಜಿಪ್ಟಿನ ಪ್ರಾಚೀನ ರಾಜ ಟುಟಾಂಖಾಮನ್‌ನ ಗೋರಿ ಪತ್ತೆ ಮಾಡಿದ ಬ್ರಿಟಿಷ್ ಪುರಾತತ್ವಜ್ಞ ಕಾರ್ಟರ್ ಫೋಟೋಗಳಲ್ಲಿ ಇರುವುದು ಕೋಟು, ವೇಸ್ಟ್‌ಕೋಟು, ಬೋ ಟೈಯಲ್ಲಿ. ಅದೂ ಮರಳುಗಾಡಿನಲ್ಲಿ!

ಮೊದಲು ಜಾಕೆಟ್ಟು, ಚಾಟಿ ಎರಡನ್ನೂ ವಾಪಸ್ ಕೊಡಿ. ಯಾರದಾದರೂ ಹಳೆಯ ಸೂಟು ಸಾಕು, ಸ್ವಲ್ಪ ದೊಗಳೆ ಇದ್ದರೆ ಒಳ್ಳೆಯದೇ. ಬೋ ಟೈ, ಮೀಸೆ ಮಾತ್ರ ಬಿಡಬೇಡಿ, ಗುರುತು ಹತ್ತುವುದೇ ಅದರಿಂದ. ಹ್ಯಾಟಿನ ಅಂಚನ್ನು ಮೇಲಕ್ಕೆ ಮಡಿಸಿ. ಬಣ್ಣ ಖಚಿತವಾಗಿ ಹೇಳುವುದು ಕಷ್ಟ, ಆ ಉತ್ಖನನದ ಫೋಟೋಗ್ರಾಫರ್ ಹ್ಯಾರಿ ಬರ್ಟನ್ ತೆಗೆದ ಫೋಟೋಗಳು ಕಪ್ಪು-ಬಿಳುಪು. ಬೂದು ಅಥವಾ ಕಂದು ಹಾಕಿದರೆ ಯಾರೂ ತಕರಾರು ತೆಗೆಯಲ್ಲ. ಗೋರಿಯೊಳಗಿನ ದೃಶ್ಯವಿದ್ದರೆ ಕೋಟು ಬಿಚ್ಚಿಸಿ, ತೋಳು ಮಡಿಸಿ. ಒಳಗೆ ಸೆಕೆ ಅಲ್ವಾ.

ಆಮೇಲೆ, ಅಗೆಯುವವರನ್ನು ಮರೆಯಬೇಡಿ. ಮಣ್ಣು ಹೊತ್ತವರೆಲ್ಲ ಈಜಿಪ್ಟಿನವರೇ. ಅವರಿಗೆ ಪಾದದವರೆಗಿನ ಸಡಿಲ ನಿಲುವಂಗಿ, ತಲೆಗೆ ಸುತ್ತಿದ ಬಟ್ಟೆ.

ನಾಟಕದಲ್ಲಿ ನಗು ಬೇಕಿದ್ದರೆ ಇನ್ನೊಬ್ಬ ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಯನ್ನೂ ತನ್ನಿ. 1880ರ ದಶಕದ ಶುರುವಿನಲ್ಲಿ ಗಿಜಾ ಪಿರಮಿಡ್ ಅಳೆಯುವಾಗ, ಪ್ರವಾಸಿಗರು ಹತ್ತಿರ ಬರದಿರಲಿ ಅಂತ ಈ ಪುಣ್ಯಾತ್ಮ ಗುಲಾಬಿ ಬಣ್ಣದ ಒಳಉಡುಪಿನಲ್ಲೇ ಓಡಾಡುತ್ತಿದ್ದ!

ಬರ್ಟನ್ ಫೋಟೋಗಳು ಆಕ್ಸ್‌ಫರ್ಡ್‌ನ ಗ್ರಿಫಿತ್ ಇನ್‌ಸ್ಟಿಟ್ಯೂಟ್ ಜಾಲತಾಣದಲ್ಲಿ ಸಿಗುತ್ತವೆ. ಒಂದೆರಡು ಇಳಿಸಿಕೊಂಡು ಮೇಕಪ್‌ನವರಿಗೆ ತೋರಿಸಿ.