ಕಾಲಿನ ‘ನರ’ ತೆಗೆದರೆ ನಡೆಯಲು ಆಗುತ್ತದೆಯೇ?

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ. ಶಹಾಪುರ ತಾಲ್ಲೂಕಿನಲ್ಲಿ ಕಾಲುವೆ ನೀರಿನ ಭತ್ತದ ಗದ್ದೆ ಇದೆ. ಹತ್ತು ವರ್ಷದಿಂದ ಶುಗರ್ ಇದೆ. ಕಲಬುರಗಿಯಲ್ಲಿ ಆಂಜಿಯೋಗ್ರಾಂ ಮಾಡಿದ ವೈದ್ಯರು ಮೂರು ಕಡೆ ಬ್ಲಾಕ್ ಇದೆ, ಬೈಪಾಸ್ ಬೇಕು, ಕಾಲಿನಿಂದ ನರ ತೆಗೆದು ಹಾಕುತ್ತೇವೆ ಎಂದಿದ್ದಾರೆ. ‘ಕಾಲಾನ ನರ ತಗದ್ರ ನಾ ಹೊಲಕ್ಕ ಹ್ಯಾಂಗ ಹೋಗ್ಲಿ’ ಎಂದು ತಂದೆಯವರು ಒಪ್ಪುತ್ತಿಲ್ಲ. ಉದ್ದ ಕೊಯ್ಯದೆ ದುರ್ಬೀನಿನಿಂದಲೂ ತೆಗೆಯಬಹುದಂತೆ, ಆದರೆ ಹಾಗೆ ತೆಗೆದದ್ದು ಬಾಳಿಕೆ ಬರುವುದಿಲ್ಲ ಎಂದು ಸಂಬಂಧಿಕರೊಬ್ಬರು ಹೇಳುತ್ತಾರೆ. ಯಾವುದು ಸರಿ?
– ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ತಂದೆಯವರ ಭಯಕ್ಕೆ ಅರ್ಧ ಕಾರಣ ಆ ‘ನರ’ ಎಂಬ ಮಾತೇ. ಕೈಕಾಲು ಆಡಿಸುವ ನರಕ್ಕೂ ರಕ್ತ ಹರಿಯುವ ನಾಳಕ್ಕೂ ನಮ್ಮ ಕಡೆ ಒಂದೇ ಹೆಸರು ಇರುವುದರಿಂದ, ನರ ತೆಗೆಯುತ್ತಾರೆ ಎಂದ ಕೂಡಲೇ ಕಾಲಿನ ಬಲವೇ ಹೋಗುತ್ತದೆ ಎಂದು ರೋಗಿ ತಿಳಿಯುವುದು ಸಹಜ. ಶಸ್ತ್ರವೈದ್ಯರು ತೆಗೆಯುವುದು ಸಫೀನಸ್ ಎಂಬ ರಕ್ತನಾಳವನ್ನು. ಅದು ಪಾದದ ಹರಡಿನ ಒಳಬದಿಯಿಂದ ಹೊರಟು, ಚರ್ಮದ ಅಡಿಯಲ್ಲೇ ಮೊಣಕಾಲನ್ನು ಹಾದು ತೊಡೆಸಂದಿನವರೆಗೆ ಸಾಗುತ್ತದೆ. ಕಾಲಿನ ರಕ್ತದ ಬಹುಪಾಲು ಸ್ನಾಯುಗಳ ನಡುವಿನ ಆಳದ ನಾಳಗಳ ಮೂಲಕ ಹೃದಯಕ್ಕೆ ಮರಳುವುದರಿಂದ ಈ ಮೇಲಿನ ನಾಳವಿಲ್ಲದೆಯೂ ಕಾಲು ತನ್ನ ಕೆಲಸ ಮಾಡುತ್ತದೆ. ಇದನ್ನು ತಂದೆಯವರಿಗೆ ಅವರ ಮಾತಿನಲ್ಲೇ, ಅವರ ಕಾಲನ್ನೇ ಮುಟ್ಟಿ ತೋರಿಸಿ ಹೇಳಿ.

ಈ ನಾಳವನ್ನು ತೆಗೆಯುವ ಹಳೆಯ ಕ್ರಮದಲ್ಲಿ ಕಾಲಿನ ಒಳಬದಿಯನ್ನು ಉದ್ದಕ್ಕೆ ಕೊಯ್ಯುತ್ತಾರೆ. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಅರ್ಜೆಂಟೀನಾದ ವೈದ್ಯ ರೆನೆ ಫವಲೋರೊ ಕಾಲಿನ ನಾಳವನ್ನು ಬಳಸಿ ಬೈಪಾಸ್ ಮಾಡಿ ತೋರಿಸಿದ ಮೇಲೆ ಬಹುಕಾಲ ಇದೇ ನಡೆದುಬಂತು. ನೀವು ಹೇಳುವ ದುರ್ಬೀನಿನ ಕ್ರಮ 1990ರ ದಶಕದ್ದು. ಮೊಣಕಾಲಿನ ಬಳಿ ಎರಡು ಮೂರು ಸೆಂಟಿಮೀಟರ್ ಕೊಯ್ದು, ಇಂಗಾಲದ ಡೈಆಕ್ಸೈಡ್ ಅನಿಲದಿಂದ ಚರ್ಮದಡಿ ಸುರಂಗದಂತೆ ಜಾಗ ಮಾಡಿಕೊಂಡು, ಪರದೆಯಲ್ಲಿ ನೋಡುತ್ತ ನಾಳವನ್ನು ಸುತ್ತಲಿನಿಂದ ಬಿಡಿಸಿ, ಅದರ ಕವಲುಗಳನ್ನು ಒಂದೊಂದಾಗಿ ಸುಟ್ಟು ಮುಚ್ಚಿ ಹೊರತೆಗೆಯುತ್ತಾರೆ.

ನಿಮ್ಮ ಸಂಬಂಧಿಕರ ಮಾತು ಆಧಾರವಿಲ್ಲದ್ದಲ್ಲ. ದುರ್ಬೀನಿನಿಂದ ತೆಗೆದ ನಾಳಗಳು ಬೇಗ ಮುಚ್ಚಿಹೋಗುತ್ತವೆಯೇ ಎಂಬ ಸಂಶಯ 2009ರ ಒಂದು ವರದಿಯಿಂದ ಬಲವಾಗಿ ಎದ್ದಿತ್ತು. ಆದರೆ ಅದರ ನಂತರ ಅಮೆರಿಕದ 16 ಆಸ್ಪತ್ರೆಗಳಲ್ಲಿ 1,150 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು ಎರಡೂಮುಕ್ಕಾಲು ವರ್ಷಗಳಲ್ಲಿ ಸಾವು, ಹೃದಯಾಘಾತ ಅಥವಾ ಮತ್ತೆ ಚಿಕಿತ್ಸೆಯ ಅಗತ್ಯ ಉದ್ದ ಕೊಯ್ದವರಲ್ಲಿ ಶೇ 15.5, ದುರ್ಬೀನಿನವರಲ್ಲಿ ಶೇ 13.9 ಇತ್ತು; ಇದನ್ನು ಮುಖ್ಯ ವ್ಯತ್ಯಾಸವೆಂದು ಪರಿಗಣಿಸಲಾಗದು. ಕಾಲಿನ ಗಾಯದ ಸೋಂಕು ಮಾತ್ರ ಶೇ 3.1ರಿಂದ 1.4ಕ್ಕೆ ಇಳಿದಿತ್ತು. ಇನ್ನೊಂದು ಮಾತು ಮರೆಯಬಾರದು: ಅಲ್ಲಿ ನಾಳ ತೆಗೆದವರೆಲ್ಲರೂ ಆ ಕೆಲಸದಲ್ಲಿ ನುರಿತವರು.

ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ನಾಳದ ಒಳಪೊರೆ ಬಹಳ ನಾಜೂಕಾದದ್ದು. ಹೊರತೆಗೆದ ನಾಳದ ತುದಿಗೆ ಸಿರಿಂಜು ಹಚ್ಚಿ, ಹೆಪ್ಪುಗಟ್ಟದಂತೆ ಹೆಪಾರಿನ್ ಬೆರೆಸಿದ ದ್ರವ ಬಿಟ್ಟು ಎಲ್ಲಿಯಾದರೂ ಸೋರುತ್ತದೆಯೇ ಎಂದು ನೋಡುವಾಗ, ಕೈ ಸ್ವಲ್ಪ ಜೋರಾದರೂ ಅದು ಉಬ್ಬಿ ಒಳಪೊರೆ ಗಾಯಗೊಳ್ಳುತ್ತದೆ, ಮುಂದೆ ಅಲ್ಲೇ ರಕ್ತ ಹೆಪ್ಪುಗಟ್ಟಬಹುದು. ಎಳೆದಾಗಲೂ, ಕವಲು ಸುಡುವಾಗ ಬಿಸಿ ತಾಗಿದಾಗಲೂ ಹೀಗೆಯೇ. ಆದ್ದರಿಂದ ‘ಎಷ್ಟು ಉದ್ದ ಕೊಯ್ಯುತ್ತೀರಿ’ ಎಂದು ಕೇಳುವುದಕ್ಕಿಂತ ‘ನಾಳ ತೆಗೆಯುವವರು ಯಾರು, ಈ ಕ್ರಮದಲ್ಲಿ ಅವರಿಗೆ ಎಷ್ಟು ಅನುಭವವಿದೆ’ ಎಂದು ಕೇಳಿ. ನುರಿತ ಕೈ ಇದ್ದಲ್ಲಿ, ಶುಗರ್ ಇರುವ ಮತ್ತು ಗದ್ದೆಯಲ್ಲಿ ದುಡಿಯುವ ನಿಮ್ಮ ತಂದೆಯವರಿಗೆ ದುರ್ಬೀನಿನ ಕ್ರಮವನ್ನೇ ನಾನು ಸೂಚಿಸುತ್ತೇನೆ, ಏಕೆಂದರೆ ಶುಗರ್ ಇದ್ದವರ ಕಾಲಿನ ಉದ್ದನೆಯ ಗಾಯ ಮಾಗುವುದು ನಿಧಾನ. ಅಂಥವರು ಸಿಗದಿದ್ದರೆ ಉದ್ದ ಕೊಯ್ದು ಜೋಪಾನವಾಗಿ ತೆಗೆದ ನಾಳವೇ ಮೇಲು.

ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಎದೆಗೂಡಿನ ಒಳಗಿನ ಅಪಧಮನಿಯನ್ನು ಜೋಡಿಸುತ್ತಾರೆಯೇ ಎಂದೂ ಕೇಳಿ. ಅದು 10 ವರ್ಷಗಳ ನಂತರವೂ ಶೇ 90ಕ್ಕೂ ಹೆಚ್ಚು ಜನರಲ್ಲಿ ತೆರೆದಿರುತ್ತದೆ. ಕಾಲಿನ ನಾಳಗಳಲ್ಲಿ ಅಷ್ಟರೊಳಗೆ ಸುಮಾರು ಅರ್ಧದಷ್ಟು ಮುಚ್ಚಿರುತ್ತವೆ. ಆಸ್ಪಿರಿನ್ ಮತ್ತು ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆಗಳನ್ನು ‘ಈಗ ಆರಾಮ ಇದೀನಿ’ ಎಂದು ತಾವಾಗಿಯೇ ಬಿಡಬಾರದು. ಬೀಡಿ, ತಂಬಾಕು ಪೂರ್ತಿ ನಿಲ್ಲಬೇಕು. ಎದೆಯ ಮೂಳೆ ಕೂಡಲು ಎರಡು ಮೂರು ತಿಂಗಳು ಹೇಗೂ ಬೇಕು. ಕಾಲಿನ ಗಾಯ ಪೂರ್ತಿ ಒಣಗಿದೆ ಎಂದು ವೈದ್ಯರು ನೋಡಿ ಹೇಳುವವರೆಗೆ ನೀರು ನಿಂತ ಗದ್ದೆಗೆ ಇಳಿಯುವುದು ಬೇಡ.

ಪ್ರಶ್ನೆ: ನಮ್ಮ ಅವ್ವನಿಗೆ ಬೈಪಾಸ್ ಆಗಿ ಐದು ವಾರವಾಯಿತು. ಸಂಜೆಯಾದರೆ ನಾಳ ತೆಗೆದ ಕಾಲು ಬಾಯುತ್ತದೆ, ಹರಡಿನ ಒಳಬದಿ ಜೋಮು ಹಿಡಿದಂತಿದೆ. ಶುಗರ್ ಕೂಡ ಇದೆ.
– ಓದುಗರು, ಬೀದರ್

ಉತ್ತರ: ಎರಡೂ ಅನೇಕರಲ್ಲಿ ಕಾಣುವಂಥವೇ. ಆ ನಾಳದ ಮಗ್ಗುಲಲ್ಲೇ ಚರ್ಮಕ್ಕೆ ಸ್ಪರ್ಶ ಕೊಡುವ ನಿಜವಾದ ನರವೊಂದು ಸಾಗುತ್ತದೆ. ಅದಕ್ಕೆ ಪೆಟ್ಟಾದರೆ ಜೋಮು ಬರುತ್ತದೆ, ಸಾಮಾನ್ಯವಾಗಿ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಮಲಗಿದಾಗ ಕಾಲ ಕೆಳಗೆ ದಿಂಬಿಡಿ, ಕಾಲು ಇಳಿಬಿಟ್ಟು ಬಹಳ ಹೊತ್ತು ಕೂರಿಸಬೇಡಿ, ದಿನವೂ ನಡೆಸಿ. ಗಾಯ ಕೆಂಪಾದರೆ, ಕೀವು ಅಥವಾ ಜ್ವರ ಬಂದರೆ, ಮೀನಖಂಡ ಒಮ್ಮೆಲೇ ಬಾತು ನೋಯತೊಡಗಿದರೆ ಅಂದೇ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯಬೇಡಿ. ಗಾಯಕ್ಕೆ ಅರಿಷಿಣ, ಸುಣ್ಣ ಹಚ್ಚಬೇಡಿ. ಬಾವು ಇಳಿಯಲೆಂದು ಬಿಸಿ ಇಟ್ಟಿಗೆಯ ಕಾವು ಕೊಡುವುದಂತೂ ಬೇಡವೇ ಬೇಡ: ಜೋಮು ಹಿಡಿದ ಜಾಗದಲ್ಲಿ ಚರ್ಮ ಸುಟ್ಟು ಬೊಬ್ಬೆ ಎದ್ದರೂ ಅವ್ವನಿಗೆ ಗೊತ್ತಾಗುವುದಿಲ್ಲ.