ಒಟ್ಟಿಗೆ ಎದ್ದು ಹೋದವರಲ್ಲ

ಅಮೆರಿಕದ ಅಂತರ್ಯುದ್ಧ ಶುರುವಾಗುವ ಹೊತ್ತಿಗೆ ಅಲ್ಲಿನ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟಿನಲ್ಲಿದ್ದ ದಕ್ಷಿಣ ರಾಜ್ಯಗಳ ಕೆಡೆಟ್‌ಗಳೆಲ್ಲ ಒಟ್ಟಿಗೇ ಎದ್ದು ಹೋದರಾ ಅಂತ ಕೇಳಿದ್ದೀರಿ. ಇಲ್ಲ. ಲಿಂಕನ್ ಅಧ್ಯಕ್ಷ ಚುನಾವಣೆ ಗೆದ್ದ 1860ರ ನವೆಂಬರಿನಲ್ಲೇ ಸೌತ್ ಕ್ಯಾರೊಲಿನಾದ ಹೆನ್ರಿ ಫಾರ್ಲಿ ರಾಜೀನಾಮೆ ಕೊಟ್ಟ. ಆದರೆ ಅಲಬಾಮಾದ ಜಾನ್ ಪೆಲ್ಹಮ್, ಟೆಕ್ಸಾಸಿನ ಥಾಮಸ್ ರಾಸರ್ 1861ರ ಏಪ್ರಿಲ್‌ವರೆಗೂ ಹೋಗಲಿಲ್ಲ. ಅವರ ರಾಜ್ಯಗಳು ಒಕ್ಕೂಟ ಬಿಟ್ಟು ಆಗಲೇ ತಿಂಗಳುಗಳಾಗಿದ್ದವು! ಐದು ವರ್ಷದ ಓದು, ಪದವಿಗೆ ಕೆಲವೇ ವಾರ ಬಾಕಿ. ಗುಲಾಮಗಿರಿಯನ್ನು ಉಳಿಸಹೊರಟ ದಕ್ಷಿಣದ ಕಡೆಗೇ ಕೊನೆಗೆ ಸೇರಿದರು, ಅದನ್ನು ನಾನು ಸಮರ್ಥಿಸಲಾರೆ. ಆದರೂ ಆ ತಿಂಗಳುಗಳ ತೊಳಲಾಟ ನೆನೆದರೆ ಮನಸ್ಸು ಭಾರವಾಗುತ್ತದೆ. ವೆಸ್ಟ್ ಪಾಯಿಂಟಿನಲ್ಲಿ ರಾಸರ್‌ನ ಆಪ್ತ ಗೆಳೆಯನಾಗಿದ್ದವ ಉತ್ತರದ ಜಾರ್ಜ್ ಕಸ್ಟರ್. 1864ರ ಅಕ್ಟೋಬರಿನಲ್ಲಿ ವರ್ಜೀನಿಯಾದ ಟಾಮ್ಸ್ ಬ್ರೂಕ್ ಕದನದಲ್ಲಿ ಇಬ್ಬರೂ ಎದುರುಬದುರಾದರು. ದಾಳಿಗೆ ಮುಂಚೆ ಕಸ್ಟರ್ ಟೋಪಿ ತೆಗೆದು ಹಳೆಯ ಗೆಳೆಯನಿಗೆ ಬಾಗಿ ವಂದಿಸಿದ.